ಖಣದ ಗಂಟು ಹೊತ್ತು ಮುಂಬಯಿಗೆ

ಗುಳೇದಗುಡ್ಡ ರೋಡ್ ಸ್ಟೇಷನ್ನಿನಲ್ಲಿ ಗಾಡಿ ಹತ್ತಿ, ಸೊಲ್ಲಾಪುರದಲ್ಲಿ ಬದಲಿಸಿ, ಮರುದಿನ ಅಣ್ಣನೂ ನಾನೂ ಬೋರಿಬಂದರದಲ್ಲಿ ಇಳಿದೆವು. ಕುಪ್ಪಸಕ್ಕೆಂದೇ ನಮ್ಮ ಮನೆಯಲ್ಲಿ ನೇಯ್ದ ಖಣಗಳ ಗಂಟು ಅಣ್ಣನ ತಲೆಯ ಮೇಲಿತ್ತು. ಈ ಸಲ ಮಾಲು ಹೋಗದಿದ್ದರೆ ಎರಡೂ ಮಗ್ಗ ಬಿಚ್ಚಿ ಸೊಲ್ಲಾಪುರದ ಬಟ್ಟೆ ಗಿರಣಿ ಸೇರುವುದೆಂದು ನನ್ನ ಗಂಡ ಹೇಳಿ ಕಳಿಸಿದ್ದರು. ಮುಂಬಯಿಯ ಸೆಕೆ ಇಳಿದ ಕೂಡಲೇ ಮೈಗೆ ಅಂಟಿತು.

ಬಟ್ಟೆ ಪೇಟೆಯ ಅಡತಿಯವರು ಬೆಳಗಾವಿ ಕಡೆಯವರು. ವರ್ಷಗಟ್ಟಲೆ ನಮ್ಮ ಖಣ ಕೊಂಡವರು ಈಗ ಗಂಟು ಬಿಚ್ಚಲೂ ಬಿಡಲಿಲ್ಲ.

"ಯಾರೂ ತೊಡಂಗಿಲ್ರಿ ಅಕ್ಕಾರ. ಗಿರಣಿ ಅರಿವಿ ಮುಂದ ನಿಮ್ಮ ಖಣದ ಕಾಲ ಮುಗೀತು. ಸಿಕ್ಕಷ್ಟಕ್ಕ ಕೊಟ್ಟು ಊರಿಗೆ ಹೋಗ್ರಿ."

ಅಣ್ಣ ಹೂಂ ಎಂದು ತಲೆಯಾಡಿಸಿದ. ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಾಲ ಮುಗಿಯಿತೆನ್ನಲು ಇವರು ಯಾರು? ತೊಡುವವರನ್ನೇ ಕೇಳುತ್ತೇನೆಂದು ಗಂಟು ಎತ್ತಿಸಿದೆ.

ಜೋಗೇಶ್ವರಿಯ ಚಾಳಿನಲ್ಲಿ ನನ್ನ ಬಾಲ್ಯದ ಗೆಳತಿ ನೀಲವ್ವ ಇದ್ದಳು. ಲೋಕಲ್ಲಿನೊಳಗೆ ಗಂಟು ತಳ್ಳುವಷ್ಟರಲ್ಲಿ ಅಣ್ಣನ ಒಂದು ಚಪ್ಪಲಿ ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು. ನೀಲವ್ವ ರೊಟ್ಟಿ, ಜುಣಕ ಬಡಿಸಿದಳು. ನೋಡಿದರೆ ಅವಳ ಮೈಮೇಲೂ ಗಿರಣಿ ಬಟ್ಟೆ!

"ನೀನೂ ಹಿಂಗ ಮಾಡಿದಿ?" ಎಂದು ರೇಗಿದೆ.

ಅವಳು ಟ್ರಂಕಿನಿಂದ ಒಂದು ಖಣದ ಕುಪ್ಪಸ ತೆಗೆದು ನನ್ನ ಮಡಿಲಿಗೆ ಎಸೆದಳು. ತೋಳಿನ ತುದಿಗೆ ಬರಬೇಕಾದ ಅಂಚು ಕಂಕುಳಲ್ಲಿ ಮಡಚಿ ಹೋಗಿತ್ತು.

"ಊರಾಗ ಅವ್ವ ಕತ್ತರಿಸಿ ಹೊಲಿದು ಕೊಡ್ತಿದ್ಲು. ಇಲ್ಲೀ ಟೇಲರಗ ಖಣ ಕತ್ತರಿಸಾಕ ಎಲ್ಲಿ ಬರ್ತೈತಿ? ಕೆಡಿಸಿ ಇಡ್ತಾನ. ಅದಕ್ಕ ಎಲ್ಲಾರೂ ಬಿಟ್ಟೇವಿ."

ಹೊಲಿಯುವ ಕೈ ಊರಲ್ಲೇ ಉಳಿದದ್ದಕ್ಕೆ ಇಲ್ಲಿ ಖಣ ಮೂಲೆ ಸೇರಿತ್ತು. ಅಡತಿಯವರಿಗೆ ಇದು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಖಣ ಕತ್ತರಿಸುವುದು ಅತ್ತೆ ನನಗೆ ಕಲಿಸಿದ ವಿದ್ಯೆ. ಮರುದಿನ, ನೀಲವ್ವ ಹರಿದದ್ದು ಹೊಲಿಯಲೆಂದು ಇಟ್ಟುಕೊಂಡಿದ್ದ ಹೊಲಿಗೆ ಮಶೀನು ಎಳೆದುಕೊಂಡು ಚಾಳಿನ ಪಡಸಾಲೆಯಲ್ಲಿ ಕುಳಿತೆ. ಇನ್ನು ಬರಿಯ ಬಟ್ಟೆ ಮಾರುವುದಿಲ್ಲ, ಅಳತೆಗೆ ಹೊಲಿದ ಕುಪ್ಪಸವನ್ನೇ ಮಾರುತ್ತೇನೆ ಎಂದು ಸಾರಿದೆ. ನಳಕ್ಕೆ ಬಂದ ಹೆಂಗಸರು ಕೊಡ ಕೆಳಗಿಟ್ಟು ನಿಂತರು. ಧಾರವಾಡದ ಕಾರಕೂನರೊಬ್ಬರ ಮಗಳು, "ಮಾವಶಿ, ಸ್ಲೀವ್ ಛೋಟಾ ಮಾಡ್ತೀರಿ?" ಎಂದಳು. ನನ್ನ ಅತ್ತೆ ಇದ್ದಿದ್ದರೆ ಕತ್ತರಿ ಕಸಿದುಕೊಳ್ಳುತ್ತಿದ್ದರು. ನಾನು ತೋಳು ಮೊಟಕು ಮಾಡಿದೆ, ಅಂಚು ಮಾತ್ರ ಬಿಡಲಿಲ್ಲ. ಗಂಟು ಖಾಲಿಯಾದ ಮೇಲೂ ಸುದ್ದಿ ಕೇಳಿದ ಚೆಂಬೂರಿನ ಹೆಂಗಸರಿಂದಲೂ ಅಳತೆಗೆಂದು ಹಳೆಯ ಕುಪ್ಪಸಗಳು ಬರುತ್ತಲೇ ಇದ್ದವು.

ಊರಿಗೆ ಹೊರಟ ಗಾಡಿಯಲ್ಲಿ ಅಣ್ಣ, "ನಾಳೆ ಇದೂ ಬ್ಯಾಡ ಅಂದ್ರ?" ಎಂದ.

"ಏನು ಬೇಕಂತ ಹೋಗಿ ಕೇಳ್ತೀನಿ. ಅದನ್ನ ಹೊಲೀತೀನಿ."

ಸ್ಟೇಷನ್ನಿಗೆ ಬಂದಿದ್ದ ಗಂಡ, ಅಣ್ಣನ ತಲೆಯ ಮೇಲೆ ಗಂಟಿಲ್ಲದ್ದು ನೋಡಿ ಮುಖ ಸಣ್ಣದು ಮಾಡಿದರು. "ಸಿಕ್ಕಷ್ಟಕ್ಕ ಕೊಟ್ಟು ಬಂದ್ರಿ? ಆತು ಬಿಡು. ಯಾವ ಮಗ್ಗ ಮೊದಲ ಬಿಚ್ಚಲಿ?"

"ಮೂರನೇ ಮಗ್ಗ ಎಲ್ಲಿ ಹೂಡ್ತೀರಿ, ಅದನ್ನ ಹೇಳ್ರಿ" ಎಂದೆ.