ಕೆಟ್ಟ ಅತ್ತೆ ಗಯಾಬಾಯಿಯವರು

ಹುಮನಾಬಾದ್, ಬಸವಕಲ್ಯಾಣ ಸೀಮೆಯ ನಾಟಕ ಕಂಪನಿಗಳಲ್ಲಿ ಅಳುವ ನಾಯಕಿಯರಿಗೆ ಎಂದೂ ಬರವಿರಲಿಲ್ಲ; ಅವರನ್ನು ಮನದಣಿಯೆ ಅಳಿಸಬಲ್ಲ ಅತ್ತೆ ಎಂದರೆ ಮಾತ್ರ ಶ್ರೀಮತಿ ಗಯಾಬಾಯಿಯವರೊಬ್ಬರೇ. ಅರವತ್ತು ತುಂಬಿ ರಂಗದಿಂದ ನಿವೃತ್ತರಾಗುತ್ತಿರುವ ಈ ತಾಯಿಯನ್ನು ಅಭಿನಂದಿಸುವಾಗ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು: ಇವರಷ್ಟು ಬೈಗುಳ ತಿಂದ ಕಲಾವಿದೆ ನಮ್ಮ ಕಡೆ ಇನ್ನೊಬ್ಬರಿಲ್ಲ.

೧೯೩೩ರಲ್ಲಿ ಗಂಡನನ್ನು ಕಳೆದುಕೊಂಡು, ಒಂಬತ್ತು ವರ್ಷದ ಮಗ ವೈಜಿನಾಥನ ಕೈಹಿಡಿದು ಅವರು ಹುಮನಾಬಾದಿನಲ್ಲಿ ಬೀಡುಬಿಟ್ಟಿದ್ದ ಕಂಪನಿಗೆ ಸೇರಿದರು. ಮೊದಲ ಆಟದ ಮರುದಿನವೇ ಸಂತೆಯ ಕಾಯಿಪಲ್ಲೆಯವಳು ತಕ್ಕಡಿ ಕೆಳಗಿಟ್ಟಳು. "ಸೊಸಿನ್ನ ಉಪಾಸ ಕೆಡವಿದಾಕಿಗೆ ಬದನಿಕಾಯಿ ಬ್ಯಾರೆ ಬೇಕೇನು? ನಡಿಯವ್ವಾ ಮುಂದ!" ಗಯಾಬಾಯಿಯವರು ಬರಿಗೈಯಲ್ಲಿ ನಗುತ್ತ ಬಂದರಂತೆ. ಆ ಸೊಸೆಯ ಪಾತ್ರಕ್ಕೆ ಸೀರೆ ಉಡುತ್ತಿದ್ದವರು ಖಮರುದ್ದೀನ್. ಅವರು ಜ್ವರದಿಂದ ಮಲಗಿದಾಗ ಎಂಟು ದಿನ ಗಂಜಿ ಕಾಸಿ ಕುಡಿಸಿದವರೂ ಇದೇ ಕೆಟ್ಟ ಅತ್ತೆ.

ಹುಮನಾಬಾದಿಗೆ ಮಾತನಾಡುವ ಸಿನೆಮಾದ ಡೇರೆ ಬಂದಾಗ, ಎದೆ ಬಡಿದುಕೊಂಡು ಅಳುವ ನಾಟಕದ ಕಾಲ ಮುಗಿಯಿತೆಂದು ತಿಳಿದವರು ತೀರ್ಪು ಕೊಟ್ಟರು. ಗಯಾಬಾಯಿಯವರು ಖಮರುದ್ದೀನರೊಂದಿಗೆ ನೋಡಲು ಹೋದರೆ, ಅಲ್ಲಿಯೂ ಹೆಂಗಸರು ಪರದೆಯ ಅತ್ತೆಗೆ ಶಾಪ ಹಾಕುತ್ತಿದ್ದರು! "ಪಾಪ, ಆಕಿಗೆ ಇವರ ಬೈಗಳ ಕೇಳಂಗಿಲ್ಲಲೊ ಖಮರೂ. ನಾವೇ ಪುಣ್ಯವಂತರು ನೋಡು" ಎಂದರು. ಕುರ್ಚಿಯಲ್ಲಿ ಕೂತು ಇಂಥ ಆಟವನ್ನು ಅತಿರಂಜನೆ ಎಂದು ಮೂಗು ಮುರಿಯುವವರನ್ನು ಒಂದು ಕೇಳಬೇಕು: ಮನೆಯಲ್ಲಿ ತುಟಿ ಬಿಚ್ಚಲಾಗದ ಸೊಸೆ ಎಲ್ಲಿ ಹೋಗಿ ಕೂಗಬೇಕು, ಸ್ವಾಮಿ?

ಆದರೆ ಈ ಪುಣ್ಯ ೧೯೪೪ರಲ್ಲಿ ಮಗನ ಮದುವೆಗೇ ಅಡ್ಡಬಂತು. ವೈಜಿನಾಥನಿಗೆ ರಾಜೇಶ್ವರ ಗ್ರಾಮದ ಸುಂದರಬಾಯಿ ಮನಸ್ಸಿಗೆ ಬಂದಿದ್ದಳು. ಅವಳ ತಾಯಿ ದ್ರೌಪತಿಬಾಯಿ ಖಂಡತುಂಡವಾಗಿ ಹೇಳಿದರು: "ಆಕಿ ನಾಟಕ ನೋಡೀನ್ರಿ ನಾ. ಅಂಥಾ ಮನಿಗೆ ನನ್ನ ಕೂಸಿನ್ನ ಕೊಡಂಗಿಲ್ಲ." ಹುಡುಗ ಊಟ ಬಿಟ್ಟ. ತನ್ನ ಕಲೆಯೇ ಮಗನ ಬಾಳಿಗೆ ಮುಳ್ಳಾಯಿತಲ್ಲ ಎಂದು ತಾಯಿ ನೊಂದುಕೊಂಡರು.

ಅದೇ ತಿಂಗಳು ಬಸವಕಲ್ಯಾಣದಲ್ಲಿ ಆಟ. ಸಂಬಂಧ ಬೇಡವೆಂದವರು ನಾಟಕ ಬಿಟ್ಟಾರೆಯೇ! ತಾಯಿ ಮಗಳಿಬ್ಬರೂ ಬಂದು ಮುಂದೆಯೇ ಕೂತರು. ಬಣ್ಣ ಹಚ್ಚಿಕೊಳ್ಳುತ್ತಿದ್ದ ತಾಯಿಯ ಬಳಿ ವೈಜಿನಾಥ ಬಂದು, "ಇವತ್ತೊಂದಿನ ಮೆಲ್ಲಕ ಹೊಡಿಯವ್ವಾ" ಎಂದ.

ಗಯಾಬಾಯಿಯವರ ಕಣ್ಣು ತುಂಬಿತು. "ನಾ ಮೆಲ್ಲಕ ಹೊಡದ್ರ ಹಿಂದ ಕುಂತವರು ಹ್ಯಾಂಗ ಅಳತಾರಪ್ಪಾ? ಅವರೂ ಆಸಿ ಇಟ್ಕೊಂಡು ಬಂದಾರ" ಎಂದು ಹೇಳಿ ರಂಗಕ್ಕೆ ನಡೆದರು.

ಅಂದು ಬಿದ್ದ ಏಟಿನ ಸದ್ದಿಗೆ ಡೇರೆಯೇ ಬೆಚ್ಚಿತು. ದ್ರೌಪತಿಬಾಯಿ ಎದ್ದುನಿಂತು, "ನಿನ್ನ ಕೈ ಮುರೀಲಿ!" ಎಂದು ಚೀರಿದರು. ರಂಗದ ಮೂಲೆಗೆ ಒತ್ತಿ ಕೂತಿದ್ದ ಸುಂದರಬಾಯಿ ತಾಯಿಯ ಸೆರಗು ಜಗ್ಗಿದಳು. "ಕೂಡವ್ವಾ, ಇಲ್ಲಿಂದ ನೋಡು. ಆಕಿ ಹೊಡಿಯಾಕತ್ತಿದ್ದು ತನ್ನ ಕೈಗೇ!" ನಿಜ. ಎಡಗೈಯಿಂದ ಸೊಸೆಯ ಗದ್ದ ಹಿಡಿದಂತೆ ಮಾಡಿ, ಆ ಕೈಗೇ ಬಲಗೈಯಿಂದ ಬಾರಿಸುವುದು ಗಯಾಬಾಯಿಯವರ ಪದ್ಧತಿ.

ಆಟ ಮುಗಿದೊಡನೆ ದ್ರೌಪತಿಬಾಯಿ ಪರದೆಯ ಹಿಂದಕ್ಕೆ ಬಂದು ಆ ಎಡಗೈಯನ್ನು ಹೊರಳಿಸಿ ನೋಡಿದರು. ಕೆಂಪಗೆ ಬಾತಿತ್ತು.

"ಎಷ್ಟು ವರ್ಷಾತ್ರಿ ಹಿಂಗ?"

"ಹನ್ನೊಂದು."

"ನನ್ನ ಗಲ್ಲಕ್ಕ ಒಂದಿನಾನೂ ತಾಕಿಲ್ರಿ" ಎಂದರು ಖಮರುದ್ದೀನ್, ಜಡೆಯ ಚವರಿ ಬಿಚ್ಚುತ್ತ.

ದ್ರೌಪತಿಬಾಯಿ ಹಿಡಿದ ಕೈ ಬಿಡಲಿಲ್ಲ. "ನನ್ನ ಮಗಳನ್ನ ಈ ಕೈಯಾಗೇ ಇಡತೀನ್ರಿ" ಎಂದರು.

ಗಯಾಬಾಯಿಯವರು ಇನ್ನು ಹುಮನಾಬಾದಿನಲ್ಲಿ ಹೊಸ ಹುಡುಗಿಯರಿಗೆ ಅಭಿನಯ ಕಲಿಸುವರೆಂದು ಕೇಳಿ ನಮಗೆಲ್ಲ ಹಿಗ್ಗಾಗಿದೆ. ಅವರು ಆಯುರಾರೋಗ್ಯದಿಂದ ನೂರು ವರ್ಷ ಬಾಳಲಿ. ಅವರಲ್ಲಿ ಕಲಿತವರೆಲ್ಲ ಊರೂರಿನಲ್ಲಿ ಹೊಟ್ಟೆ ತುಂಬ ಬೈಸಿಕೊಳ್ಳಲಿ.