ಡಿಸ್ಕೋ ಹಸೆಹಾಡು

ತಮಿಳು ಸೀಮೆಯ ಪೋತ್ತನೂರಿನ ನಮ್ಮ ಪಕ್ಕದ ಮನೆಯ ಚೆನ್ನಿಯಪ್ಪನ್‌ಗೆ ಸಂಗೀತ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಹೊಳೆಯುವ ಕೋಟು ತೊಡುವುದು, ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುವುದು. ಮದುವೆಮನೆಗಳಲ್ಲಿ ಅವನ ಲಘುಸಂಗೀತದ ತಂಡಕ್ಕೆ ಹೆಸರು ಬಂದಿದ್ದು ಹೆಂಡತಿ ಅಂಗಮ್ಮನ ಕಂಠದಿಂದ, ತಬಲಾದ ಕಂದಸಾಮಿಯಿಂದ. ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಇದು ಗೊತ್ತಿತ್ತು.

ಎಂಬತ್ತಮೂರರಲ್ಲಿ ಡಿಸ್ಕೋ ಗಾಳಿ ಬೀಸಿತು. ಉಕ್ಕಡಂನ ಕ್ಯಾಸೆಟ್ ಅಂಗಡಿಗಳೆಲ್ಲ ಡುಂ ಡುಂ ಅನ್ನತೊಡಗಿದವು. ಈ ಮಹಾನುಭಾವ ಗುಂಡಿ ಒತ್ತಿದರೆ ತಾನೇ ತಾಳ ಬಾರಿಸುವ ಪೆಟ್ಟಿಗೆಯೊಂದನ್ನು ತಂದ. ಕಂದಸಾಮಿಯನ್ನು ಮನೆಗೆ ಕಳಿಸಿದ. ಆಮೇಲೆ ಹೆಂಡತಿಯ ಸರದಿ.

"ಕಾಲ ಮಾರಿಹೋಯ್ತು ಅಂಗಮ್ಮ, ಹಳೇದು ನಡೆಯಲ್ಲ. ಪುದುಸಾಗಿ ಏನಾರ ಕೊಡಬೇಕು. ನಿನ್ನ ಕೊರಲು ಇದಕ್ಕೆ ಸೇರಲ್ಲ."

"ಶರಿ," ಎಂದಳು ಅಂಗಮ್ಮ. ಅವಳ ಮುಖ ನೋಡಿ ನನಗೆ ಮೈಯೆಲ್ಲ ಉರಿಯಿತು.

ಹೊಸ ಸಂಗೀತದ ಮೊದಲ ಪ್ರದರ್ಶನ ಕಿಣತ್ತುಕಡವಿನಲ್ಲಿ, ಅಂಗಮ್ಮನ ಅಣ್ಣ ಸುಬ್ಬಯ್ಯನ್ ಮಗಳು ಮಲ್ಲಿಗಾಳ ಮದುವೆಗೆ. ಇಲ್ಲಿ ಗೆದ್ದರೆ ನಮ್ಮ ಕನ್ನಡ ಜನರ ಮದುವೆಗಳೆಲ್ಲ ತನ್ನವೇ ಎಂದು ಚೆನ್ನಿಯಪ್ಪನ್ ಬೀಗುತ್ತಿದ್ದ. ಹೆಂಗಸರ ಹಸೆಹಾಡನ್ನೂ ಡಿಸ್ಕೋ ಮಾಡಿ ತಾನೇ ಹಾಡಲು ನಿಂತಿದ್ದ!

ಬೀದಿಯಲ್ಲಿ ತಮಿಳು ಆಡುವ ನಮಗೆ ಹಸೆಯ ಮುಂದೆ ಮಾತ್ರ ಕನ್ನಡವೇ ಆಗಬೇಕು. ಒಂದೊಂದು ನುಡಿ ಮುಗಿದಾಗಲೂ ಹಾಡು ನಿಲ್ಲುತ್ತದೆ. ಮದುಮಗಳು ಗಂಡನ ಹೆಸರು ಹೇಳಬೇಕು. ಅವಳು ನಾಚುತ್ತಾಳೆ, ಅತ್ತೆಯರು ಕಾಡಿಸುತ್ತಾರೆ, ಎಷ್ಟು ಹೊತ್ತಾದರೂ ಹಾಡು ಕಾಯುತ್ತದೆ. ಪೆಟ್ಟಿಗೆ ಯಾಕೆ ಕಾದೀತು? ಮಲ್ಲಿಗಾ ಬಾಯಿ ತೆರೆಯುವಷ್ಟರಲ್ಲಿ ಡುಂ ಡುಂ ಎಂದು ಮುಂದಿನ ನುಡಿ ಬಂದೇಬಿಟ್ಟಿತು. ಮತ್ತೊಮ್ಮೆಯೂ ಹಾಗೇ ಆಯಿತು. ಹುಡುಗಿಯ ಕಣ್ಣಲ್ಲಿ ನೀರು. ನಮ್ಮ ಕಲಾವಿದ ಸೊಂಟ ಕುಣಿಸುತ್ತಲೇ ಇದ್ದ.

ಅವನ ಅತ್ತೆ, ಅಂಗಮ್ಮನ ತಾಯಿ ಸಾಮಿಯಾತಾಳ್ ಎದ್ದು ಅಳಿಯನನ್ನು ಕೂಗಿದಳು: "ಮಾಪ್ಳೆ, ಆ ಪೆಟ್ಟೀನ ನಿಲ್ಲುಸಿ! ಹೆಸರು ಹೇಳದೆ ನನ್ನ ಮೊಮ್ಮಗಳು ಹಸೆ ಇಳಿಯಂಗಿಲ್ಲೆ!"

ಅವನು ಅದನ್ನು ಮೆಚ್ಚುಗೆ ಎಂದುಕೊಂಡು ಸದ್ದು ಏರಿಸಿದ. ಮುದುಕಿ ನೇರ ಹೋಗಿ ಪೆಟ್ಟಿಗೆಯ ವೈರು ಕಿತ್ತಳು.

ಆಗ ಅಂಗಮ್ಮ ಮಲ್ಲಿಗಾಳ ಪಕ್ಕ ಕುಳಿತು ಮೊದಲಿನಿಂದ ಹಾಡು ಎತ್ತಿದಳು. ಚೆನ್ನಿಯಪ್ಪನ್ ಹಲ್ಲುಕಿರಿಯುತ್ತ, ಇದೂ ತನ್ನ ಕಾರ್ಯಕ್ರಮವೇ ಎಂಬಂತೆ, ಮೈಕನ್ನು ಅವಳ ಬಾಯಿಗೆ ಹಿಡಿದ. ಅವಳು ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು.

"ಬ್ಯಾಡ. ಮಗು ಹೇಳೋದು ನನಗೆ ಕೇಳ್ಬೇಕು."

ನುಡಿ ಮುಗಿಯಿತು. ಎಲ್ಲರೂ ಕಾದರು. ಮಲ್ಲಿಗಾ ತಲೆ ತಗ್ಗಿಸಿ ಮೆಲ್ಲಗೆ ಹೆಸರು ಹೇಳಿದಳು. ಹೆಂಗಸರು ಹೋ ಎಂದು ನಕ್ಕರು.

ಚೆನ್ನಿಯಪ್ಪನ್‌ನ ತಂಡ ಆಮೇಲೆ ಇನ್ನೂ ಎರಡು ಹೊಸ ಹೆಸರು ಇಟ್ಟುಕೊಂಡಿತು. ಅಂಗಮ್ಮನನ್ನು ಮತ್ತೆ ವೇದಿಕೆಗೆ ಕರೆಯಲು ಅವನು ಅತ್ತೆಯನ್ನೂ ಸುಬ್ಬಯ್ಯನ್‌ನನ್ನೂ ಮಧ್ಯಸ್ಥಿಕೆಗೆ ಕರೆತಂದ. ಅವಳು ಎಲ್ಲರಿಗೂ ಕಾಫಿ ಕೊಟ್ಟು, ಬರುವುದಿಲ್ಲ ಎಂದಳು. ನಮ್ಮವರ ಮದುವೆಗಳಲ್ಲಿ ಅವಳು ಹಾಡಿದಳು, ನೆಲದ ಮೇಲೆ ಕುಳಿತು, ಹೆಂಗಸರ ನಡುವೆ. ಅಲ್ಲಿಗೆ ಅವನನ್ನು ಯಾರೂ ಕರೆಯಲಿಲ್ಲ.