ಪಂಚಮಿಗೆ ಬಂದ ಮಗಳ ಸಹಿ

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲೇ ಸಂಸಾರ ಮಾಡಿದವಳು ನಾನು. ಯಜಮಾನರ ನಿವೃತ್ತಿ ಹತ್ತಿರ ಬಂದಿತ್ತು, ಮನೆ ಬಿಟ್ಟುಕೊಡಬೇಕಿತ್ತು. ಶಹಾಬಾದಿನಲ್ಲಿ ಹೊಲವೊಂದು ಲೇಔಟ್ ಆಗಿ, ಅದರ ಮೂಲೆ ಪ್ಲಾಟು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಹಾಗಂತ ಕಣ್ಣು ಮುಚ್ಚಿ ಸಹಿ ಹಾಕುವವರ ಪೈಕಿ ನಾನಲ್ಲ. ಋಣಭಾರ ಪತ್ರ ತೆಗೆಸಿದೆ, ಹೊಲದಲ್ಲಿ ಮನೆ ಕಟ್ಟಲು ಒಪ್ಪಿಗೆ ಕೊಡುವ ಎನ್.ಎ. ಆದೇಶ ಓದಿದೆ, ಟೇಪು ಹಿಡಿಸಿ ನಾಲ್ಕೂ ಕಡೆ ಅಳೆಸಿದೆ.

"ನೀವು ವಕೀಲರಾಗಬೇಕಿತ್ತು ನೋಡ್ರಿ ಅಕ್ಕಾರ," ಅಂತ ದಲ್ಲಾಳಿ ನಕ್ಕ.

ಮಾರುವವರ ತಂದೆ ತೀರಿಹೋಗಿದ್ದರು, ಅವರ ಆಸ್ತಿ ಅದು. ವಂಶಾವಳಿಯಲ್ಲಿ ತಾಯಿ ಮತ್ತು ಇಬ್ಬರು ಗಂಡುಮಕ್ಕಳ ಹೆಸರಿತ್ತು. ಮುಂಗಡದ ಮಾತಿಗೆ ನಾನೂ ದಲ್ಲಾಳಿಯೂ ಅವರ ಮನೆಗೆ ಹೋದದ್ದು ನಾಗರಪಂಚಮಿಯ ಮರುದಿನ. ತಾಯಿ ತಾಟಿನಲ್ಲಿ ಉಂಡಿ ತಂದಿಟ್ಟರು. "ತಗೋರಿ, ನಮ್ಮ ಮಗಳು ಕಟ್ಯಾಳ. ಚಿಂಚೋಳಿಯಿಂದ ಹಬ್ಬಕ್ಕ ಬಂದಾಳ."

ಉಂಡಿ ಕೈಯಲ್ಲೇ ಉಳಿಯಿತು. "ಮಗಳೂ ಅದಾಳೇನ್ರಿ? ಕಾಗದದಾಗ ಇಲ್ಲಲ್ಲ!"

"ಲಗ್ನಾ ಮಾಡಿ ಕೊಟ್ಟೀವಲ್ರಿ," ಎಂದ ಹಿರಿಯ ಮಗ. "ಕೊಟ್ಟ ಹೆಣ್ಣು ಕುಲಕ್ಕ ಹೊರಗ."

ಅವನ ದನಿಯಲ್ಲಿ ಮೋಸವಿರಲಿಲ್ಲ. ನಮ್ಮ ಕಡೆ ಹಾಗೇ ನಡೆದುಬಂದಿದೆ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಕಾಯ್ದೆ ಪ್ರಕಾರ ಆಕಿಗೂ ನಿಮ್ಮಷ್ಟೇ ಹಕ್ಕದ. ಆಕಿ ಸಹಿ ಇಲ್ಲಂದ್ರ ನಾ ಒಂದು ಪೈಸಾ ಕೊಡಂಗಿಲ್ಲ. ಕರೀರಿ ಆಕಿನ್ನ."

ದಲ್ಲಾಳಿ ಹಣೆ ಚಚ್ಚಿಕೊಂಡ. ಮಗಳು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಎಲ್ಲ ಕೇಳಿಸಿಕೊಂಡು, ಅಣ್ಣನ ಮುಖ ನೋಡಿ, "ಆ ಮೂಲಿ ಪ್ಲಾಟು ನನಗ ಬಿಡ್ರಿ. ಉಳಿದದ್ದಕ್ಕೆಲ್ಲಾ ಸಹಿ ಹಾಕ್ತೀನಿ," ಎಂದಳು.

ನಾನು ಕೈಯಲ್ಲಿದ್ದ ಉಂಡಿಯನ್ನು ತಾಟಿಗೆ ವಾಪಸ್ ಇಟ್ಟೆ.

ಹೊರಗೆ ಬಂದ ಮೇಲೆ ದಲ್ಲಾಳಿ ಗೊಣಗಿದ. "ಸುಮ್ನಿದ್ರ ನಿಮಗೇ ಸಿಗ್ತಿತ್ತಲ್ರಿ."

"ಸಿಗ್ತಿತ್ತು, ನಾಳಿ ಕೋರ್ಟಿನಾಗ ಹೋಗ್ತಿತ್ತು. ಅದರ ಬಾಜು ಪ್ಲಾಟು ಮಾತಾಡು, ಆಕಿ ಸಹಿ ಜೋಡಿ."

ಮುಂದೆ ಎಲ್ಲರ ಸಹಿ ಬಿದ್ದ ಮೇಲೆ ಅದನ್ನೇ ಕೊಂಡೆವು. ಆದರೆ ಆ ದಿನ ಭಾಳ ಬೇಜಾರಾಗಿತ್ತು, ಸುಳ್ಳೇಕೆ ಹೇಳಲಿ. ವಾಡಿಗೆ ಮರಳುವ ಬಸ್ಸಿನಲ್ಲಿ ಕೂತು ಆ ಹೆಣ್ಣುಮಗಳನ್ನೇ ನೆನೆಯುತ್ತಿದ್ದೆ. ಎಷ್ಟು ಸಲೀಸಾಗಿ ಕೇಳಿಬಿಟ್ಟಳು! ಸೇಡಂನಲ್ಲಿರುವ ನನ್ನ ತಮ್ಮನಿಗೆ ಫೋನ್ ಹಚ್ಚಿದೆ.

"ಹಬ್ಬಕ್ಕ ಯಾಕ ಬರಲಿಲ್ಲಕ್ಕ?" ಎಂದು ಜಗಳಕ್ಕೇ ನಿಂತ.

"ಬರ್ತೀನಿ ತಡಿ. ಅಪ್ಪನ ಹೊಲದ ಕಾಗದ ತೆಗದಿಡು. ನನ್ನ ಪಾಲು ಎಷ್ಟು ಬರ್ತದ ನೋಡೋಣು."

ಅಲ್ಲಿಯತನಕ ಚೆನ್ನಾಗಿ ಕೇಳಿಸುತ್ತಿದ್ದವನು "ಹಲೋ, ಹಲೋ" ಎನ್ನತೊಡಗಿದ. ನಾನು ಬಸ್ಸಿನ ಮಂದಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಇನ್ನೊಮ್ಮೆ ಹೇಳಿದೆ.